ಐವತ್ತು ಕೋಟಿಯಲ್ಲಿ ಒಂದನ್ನು ಹಿಡಿಯುವ ತಟ್ಟೆ

ಅಕ್ಕಿಯಲ್ಲಿ ಬೆರೆತ ನುಚ್ಚನ್ನು ಬೇರ್ಪಡಿಸಬೇಕಾದರೆ ನಮ್ಮ ಮನೆಗಳಲ್ಲಿ ಜರಡಿ ಹಿಡಿಯುವರು. ಹೊಟ್ಟನ್ನು ಹಾರಿಸಬೇಕಾದರೆ ಮೊರದಿಂದ ಕೇರುವರು. ಮರಳಿನಲ್ಲಿ ಕಬ್ಬಿಣದ ಪುಡಿ ಬೆರೆತಿದ್ದರೆ ಶಾಲೆಯ ಹುಡುಗನು ಅಯಸ್ಕಾಂತವನ್ನು ಆಡಿಸಿ ಅದನ್ನು ಸೆಳೆದುಕೊಳ್ಳುವನು. ಮೊದಲನೆಯದರಲ್ಲಿ ಗಾತ್ರದ ವ್ಯತ್ಯಾಸವೂ, ಎರಡನೆಯದರಲ್ಲಿ ತೂಕದ ವ್ಯತ್ಯಾಸವೂ, ಮೂರನೆಯದರಲ್ಲಿ ಕಾಂತಗುಣದ ವ್ಯತ್ಯಾಸವೂ ನಮಗೆ ನೆರವಾಗುವುವು. ಆದರೆ ಬೇಕಾದ ವಸ್ತುವಿಗೂ ಬೇಡವಾದ ವಸ್ತುವಿಗೂ ಇಂಥ ವ್ಯತ್ಯಾಸ ಅತ್ಯಲ್ಪವಾಗಿದ್ದು, ಬೇಕಾದುದು ಒಂದೇ ಕಾಳಾಗಿ, ಬೇಡವಾದುದು ಕೋಟಿಗಟ್ಟಲೆ ಕಾಳುಗಳಾಗಿದ್ದರೆ ಏನು ಮಾಡುವುದು? ಅಲ್ಲಿ ಜರಡಿಯೂ ಮೊರವೂ ಅಯಸ್ಕಾಂತವೂ ನಡೆಯವು. ಒಂದೊಂದರ ಮುಖವನ್ನು ನೋಡಿ, ಬೇಕಾದುದನ್ನು ಮಾತ್ರ ಕೈಹಿಡಿದು ನಿಲ್ಲಿಸಿಕೊಳ್ಳುವ ಉಪಾಯ ಬೇಕಾಗುವುದು.

ರಕ್ತದಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸುವವರಿಗೆ ದಿನದಿನವೂ ಎದುರಾಗುವ ಸಮಸ್ಯೆ ಇದೇ. ಈ ಸಮಸ್ಯೆಯನ್ನು ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆಯು ಹೇಗೆ ಬಿಡಿಸುವುದೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ವಿಷಯವು ಜೀವರಸಾಯನದ್ದಾದರೂ, ಭೌತವಿಜ್ಞಾನವನ್ನು ಬೋಧಿಸುವ ನಮಗೆ ಅದರಲ್ಲಿ ಪರಿಚಿತ ಮುಖಗಳು ಅನೇಕ ಕಂಡುಬಂದುವು. ತರಗತಿಯ ಹಲಗೆಯ ಮೇಲೆ ಬರೆಯುವ ಸರಳವಾದ ಲೆಕ್ಕಗಳೇ ಇಲ್ಲಿ ಒಬ್ಬ ಮನುಷ್ಯನ ಮಾನವನ್ನು ಕಾಯಬಲ್ಲುವು.

ಒಂದು ಪ್ರೋಟೀನಿನ ಕಥೆ

ನಾವು ಉದಾಹರಣೆಯಾಗಿ ಆರಿಸಿಕೊಳ್ಳುವ ಪ್ರೋಟೀನಿಗೆ ಎರಿತ್ರೋಪಾಯಿಟಿನ್ ಎಂದು ಹೆಸರು. ಹೆಸರು ದೀರ್ಘವಾದುದರಿಂದ ಇದನ್ನು ಇಪಿಓ ಎಂದು ಕರೆಯುವುದು ರೂಢಿ. ಇದು ಮುಖ್ಯವಾಗಿ ಮೂತ್ರಪಿಂಡಗಳಲ್ಲಿ ತಯಾರಾಗುವುದು. ರಕ್ತದಲ್ಲಿ ಆಮ್ಲಜನಕ ಕಡಮೆಯಾದಾಗ ಮೂತ್ರಪಿಂಡಗಳು ಇಪಿಓವನ್ನು ಹೆಚ್ಚಾಗಿ ಹೊರಬಿಡುವುವು. ಅದು ಮೂಳೆಯ ಮಜ್ಜೆಯನ್ನು ಸೇರಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸಬೇಕೆಂದು ಆಜ್ಞೆ ಕೊಡುವುದು. ಎತ್ತರವಾದ ಬೆಟ್ಟಪ್ರದೇಶಕ್ಕೆ ಹೋದವರಿಗೆ ಕೆಲವು ವಾರಗಳಲ್ಲಿ ರಕ್ತಕಣಗಳು ಹೆಚ್ಚುವುದು ಇದರ ಕಾರ್ಯದಿಂದಲೇ.

ಈ ಪ್ರೋಟೀನನ್ನು ಶುದ್ಧರೂಪದಲ್ಲಿ ಕಣ್ಣಾರೆ ಕಾಣಲು ಶಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಗೋಲ್ಡ್‌ವಾಸರ್ ಅವರು ಎರಡು ದಶಕಗಳಿಗೂ ಹೆಚ್ಚು ಕಾಲ ಶ್ರಮಿಸಿದರು. ಒಂದು ಬಗೆಯ ಕಠಿನ ರಕ್ತಹೀನತೆಯಲ್ಲಿ ಮಜ್ಜೆಯು ಆಜ್ಞೆಯನ್ನು ಪಾಲಿಸಲಾರದು. ಆದುದರಿಂದ ದೇಹವು ಇಪಿಓವನ್ನು ಮೇಲಿಂದ ಮೇಲೆ ಕಳುಹಿಸುತ್ತಲೇ ಇರುವುದು, ಅದರಲ್ಲಿ ಸ್ವಲ್ಪ ಮೂತ್ರದೊಡನೆ ಹೊರಬೀಳುವುದು. ಜಪಾನಿನ ತಕಾಜಿ ಮಿಯಾಕೆ ಅವರು ಅಂಥ ರೋಗಿಗಳ ಮೂತ್ರವನ್ನು 2,550 ಲೀಟರುಗಳಷ್ಟು ಸಂಗ್ರಹಿಸಿದರು. ಅದನ್ನು ಒಣಗಿಸಿ ಶಿಕಾಗೋಗೆ ಒಯ್ದು, ಮೆಟ್ಟಲು ಮೆಟ್ಟಲಾಗಿ ಶುದ್ಧೀಕರಿಸಿದಾಗ ದೊರೆತ ಇಪಿಓ ಹತ್ತು ಮಿಲಿಗ್ರಾಮಿನಷ್ಟು, ಎಂದರೆ ಒಂದು ಚಿಟಿಕೆಯೂ ಅಲ್ಲ. ಈ ಕಾರ್ಯವು 1977ರಲ್ಲಿ ಪ್ರಕಟವಾಯಿತು. ಆ ಚೂರಿನಿಂದಲೇ ಅದರ ರಚನೆಯ ಸುಳಿವು ಸಿಕ್ಕಿ, 1983ರಲ್ಲಿ ಅದರ ಜೀನು ಕೈವಶವಾಯಿತು. 1989ರಲ್ಲಿ ಅಮೆರಿಕದಲ್ಲಿ ಕೃತಕ ಇಪಿಓ ಔಷಧವಾಗಿ ಮಾನ್ಯವಾಯಿತು. ಮೂತ್ರಪಿಂಡಗಳು ಕೆಟ್ಟು, ಪದೇ ಪದೇ ಪರರ ರಕ್ತವನ್ನು ಹಾಕಿಸಿಕೊಂಡು ಜೀವ ಹಿಡಿದಿದ್ದ ರೋಗಿಗಳಿಗೆ ಇದು ವರವಾಯಿತು.

ಆದರೆ ವರವನ್ನು ಬೇರೆಯವರೂ ಬೇಡಿದರು. ರಕ್ತಕಣಗಳು ಹೆಚ್ಚಿದರೆ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚಾಗಿ ಒದಗುವುದು. ದೂರದ ಓಟಗಾರನೂ ಸೈಕಲ್ ಸವಾರನೂ ಬೇಗ ದಣಿಯರು. ಆರೋಗ್ಯವಂತರೇ ಕದ್ದು ಈ ಚುಚ್ಚುಮದ್ದನ್ನು ತೆಗೆದುಕೊಳ್ಳತೊಡಗಿದರು. ಇದು ಮೋಸ ಮಾತ್ರವಲ್ಲ, ಅಪಾಯವೂ ಹೌದು. ರಕ್ತವು ಗಟ್ಟಿಯಾಗಿ ನಾಳಗಳಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುವುದು. ಒಲಿಂಪಿಕ್ ಸಮಿತಿಯು 1990ರಲ್ಲಿಯೇ ಇದನ್ನು ನಿಷೇಧಿಸಿತು. ನಿಷೇಧಿಸುವುದು ಸುಲಭ, ಕಂಡುಹಿಡಿಯುವುದು ಹೇಗೆ?

ಎಣಿಸಿದರೆ ಸಾಲದು

ರಕ್ತವನ್ನು ಪರೀಕ್ಷಿಸಿ, ಕೆಂಪು ಕಣಗಳು ಮಿತಿಮೀರಿದವರನ್ನು ತಪ್ಪಿತಸ್ಥರೆನ್ನಬಹುದಲ್ಲವೆ ಎಂದು ವಾಚಕರು ಕೇಳಬಹುದು. ಸೈಕಲ್ ಪಂದ್ಯಗಳನ್ನು ನಡೆಸುವ ಅಂತರರಾಷ್ಟ್ರೀಯ ಸಂಸ್ಥೆಯು 1997ರಲ್ಲಿ ಇಂಥ ಒಂದು ಮಿತಿಯನ್ನೇ ಗೊತ್ತುಮಾಡಿತು: ಗಂಡಸರ ರಕ್ತದಲ್ಲಿ ಕಣಗಳ ಪಾಲು ಶೇಕಡಾ 50ನ್ನು ಮೀರಿದ್ದರೆ ಸವಾರನು ಪಂದ್ಯಕ್ಕೆ ಇಳಿಯುವಂತಿಲ್ಲ. ಆದರೆ ಪ್ರಕೃತಿಯು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆದಿಲ್ಲ. ಫಿನ್‌ಲೆಂಡಿನ ಏರೋ ಮ್ಯಾಂಟುರಾಂಟಾ ಅವರು 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸಿನಲ್ಲಿ ಹಿಮದ ಮೇಲಿನ ಸ್ಕೀ ಓಟದಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದರು. ಅವರ ರಕ್ತದಲ್ಲಿ ಲೀಟರಿಗೆ 200 ಗ್ರಾಮಿಗೂ ಹೆಚ್ಚು ಹೀಮೋಗ್ಲೋಬಿನ್ ಇತ್ತು. ಇದು ಸಾಮಾನ್ಯ ಮಟ್ಟಕ್ಕಿಂತ ಬಹಳ ಹೆಚ್ಚು. ಆಗ ಕೃತಕ ಇಪಿಓ ಎಂಬುದೇ ಜಗತ್ತಿನಲ್ಲಿರಲಿಲ್ಲ. ಅವರ ಕುಟುಂಬದ ಅನೇಕರಲ್ಲಿ ಇಪಿಓವಿನ ಆಜ್ಞೆಯನ್ನು ಕೇಳಿಸಿಕೊಳ್ಳುವ ಜೀನು ಹುಟ್ಟಿನಿಂದಲೇ ಬದಲಾಗಿದ್ದಿತೆಂದು 1993ರಲ್ಲಿ ತಿಳಿದುಬಂದಿತು. ಕಣಗಳನ್ನು ಎಣಿಸಿ ತೀರ್ಪು ಕೊಡುವವರು ಇಂಥವರನ್ನು ಕಳ್ಳರ ಸಾಲಿಗೆ ಸೇರಿಸುವರು.

ಹಾಗಾದರೆ ಇಪಿಓವನ್ನೇ ಅಳೆದರೆ? ಅದೂ ಸಾಲದು. ಬೆಟ್ಟದ ಮೇಲೆ ತರಬೇತಿ ಪಡೆದು ಬಂದವನಲ್ಲಿ ಅದು ಸಹಜವಾಗಿಯೇ ಹೆಚ್ಚಿರಬಹುದು. 'ಎಷ್ಟಿದೆ' ಎಂಬ ಪ್ರಶ್ನೆಗೆ ಉತ್ತರ ದೊರೆತರೂ 'ಯಾವುದಿದೆ' ಎಂಬ ಪ್ರಶ್ನೆ ಉಳಿದೇ ಇರುವುದು. ಅದಕ್ಕೆ ಉತ್ತರ ಬೇಕಾದರೆ ಆ ಅಣುಗಳನ್ನು ಗುಂಪಿನಿಂದ ಹೊರತೆಗೆದು ಪ್ರತ್ಯೇಕವಾಗಿ ನೋಡಬೇಕು.

ನೋಡಿದರೆ ವ್ಯತ್ಯಾಸ ಕಾಣುವುದೇ? ಕಾಣುವುದು. ಇಪಿಓ 165 ಅಮೈನೋ ಆಮ್ಲಗಳ ಸರಪಣಿ. ಈ ಸರಪಣಿಗೆ ನಾಲ್ಕು ಕಡೆ ಸಕ್ಕರೆಯ ಗೊಂಚಲುಗಳು ತೂಗಾಡುತ್ತಿರುವುವು. ಅಣುವಿನ ತೂಕದಲ್ಲಿ ಸುಮಾರು ಶೇಕಡಾ 40 ಭಾಗ ಸಕ್ಕರೆಯೇ. ಔಷಧವನ್ನು ತಯಾರಿಸುವಾಗ ಮಾನವನ ಜೀನನ್ನು ಹ್ಯಾಮ್‌ಸ್ಟರ್ ಎಂಬ ಇಲಿಯ ಜಾತಿಯ ಪ್ರಾಣಿಯಿಂದ ಬಂದ ಜೀವಕೋಶಗಳಲ್ಲಿಟ್ಟು ಬೆಳೆಸುವರು. ಸರಪಣಿಯೇನೋ ಅದೇ, ಆದರೆ ಗೊಂಚಲು ಕಟ್ಟುವ ಕೈ ಬೇರೆ. ಒಂದೇ ಹೂವನ್ನು ಇಬ್ಬರು ಕಟ್ಟಿದರೆ ಮಾಲೆಗಳಲ್ಲಿ ಕೈವಾಡದ ಭೇದ ತೋರುವಂತೆ, ಇಲ್ಲಿಯೂ ವಿದ್ಯುದಂಶದಲ್ಲಿಯೂ ಗಾತ್ರದಲ್ಲಿಯೂ ಸ್ವಲ್ಪ ಭೇದ ಉಂಟಾಗುವುದು. ಈ ಭೇದವನ್ನು ಆಧರಿಸಿದ ಪರೀಕ್ಷೆಯನ್ನು ಫ್ರಾನ್ಸಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು; ಅದೇ ವರ್ಷ ಸಿಡ್ನಿ ಒಲಿಂಪಿಕ್ಸಿನಲ್ಲಿ ಅದು ಬಳಕೆಗೆ ಬಂದಿತು.

ಅಭಾವದ ಲೆಕ್ಕ

ಈಗ ಕಷ್ಟವೆಷ್ಟೆಂಬುದನ್ನು ಲೆಕ್ಕ ಹಾಕೋಣ. ಒಂದು ಲೀಟರು ರಕ್ತದ್ರವದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸುಮಾರು 40 ಗ್ರಾಂ ಇರುವುದು. ಇಪಿಓ ಇರುವುದು ಸುಮಾರು 80 ನ್ಯಾನೋಗ್ರಾಂ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಭಾಗಿಸಿ ನೋಡಿದರೆ ಇಪಿಓವಿಗಿಂತ ಆಲ್ಬುಮಿನ್ ಐವತ್ತು ಕೋಟಿ ಪಾಲು ಹೆಚ್ಚು. ಸಾವಿರ ರಾಗಿ ಕಾಳುಗಳು ಎರಡೂವರೆ ಗ್ರಾಂ ತೂಗುವುವೆಂದು ಇಟ್ಟುಕೊಂಡರೆ, ಐವತ್ತು ಕೋಟಿ ಕಾಳುಗಳು ಹನ್ನೆರಡೂವರೆ ಕ್ವಿಂಟಲ್ ಆಗುವುವು. ಅಷ್ಟು ರಾಗಿಯ ರಾಶಿಯಲ್ಲಿ ಬಣ್ಣ ಬೇರೆಯಾದ ಒಂದು ಕಾಳನ್ನು ಹುಡುಕಿದಂತೆ! ಆದರೂ ಅಣುಗಳ ಲೋಕದಲ್ಲಿ ನಿರಾಶರಾಗಬೇಕಾಗಿಲ್ಲ. ಎರಡು ಮೂರು ಹನಿಗಳಷ್ಟಾದ 100 ಮೈಕ್ರೋಲೀಟರ್ ರಕ್ತದ್ರವದಲ್ಲಿಯೂ ಸುಮಾರು ಹದಿನೈದು ಕೋಟಿ ಇಪಿಓ ಅಣುಗಳು ಇದ್ದೇ ಇರುವುವು. ಹಿಡಿಯುವ ಕೈ ಬೇಕು, ಅಷ್ಟೆ.

ಹಿಡಿಯುವ ಕೈ

ಆ ಕೈಯೇ ಪ್ರತಿಕಾಯ. ಅನ್ಯವಸ್ತುವು ದೇಹವನ್ನು ಹೊಕ್ಕಾಗ ಅದನ್ನು ಹಿಡಿಯಲು ನಮ್ಮ ರಕ್ತದಲ್ಲಿ ಹುಟ್ಟುವ ಪ್ರೋಟೀನು ಇದು. ಕವಣೆಯ ಕವಲಿನಂತೆ ಎರಡು ತೋಳುಗಳಿದ್ದು, ಒಂದೊಂದು ತೋಳಿನ ತುದಿಯಲ್ಲಿಯೂ ಒಂದೊಂದು ಪೊಟರೆ ಇರುವುದು. ತನಗೆ ಸರಿಹೊಂದುವ ಅಣುವಿನ ಉಬ್ಬುತಗ್ಗುಗಳು ಈ ಪೊಟರೆಯಲ್ಲಿ ಬೀಗದಲ್ಲಿ ಕೀಲಿಕೈ ಕೂರುವಂತೆ ಕೂರುವುವು. ಅಲ್ಲಿ ಗಟ್ಟಿಯಾದ ರಾಸಾಯನಿಕ ಬೆಸುಗೆ ಇಲ್ಲ. ವಿರುದ್ಧ ವಿದ್ಯುದಂಶಗಳ ಸೆಳೆತ, ಜಲಜನಕ ಬಂಧ ಮುಂತಾದ ಸಣ್ಣ ಬಲಗಳು ಅನೇಕ ಕಡೆ ಕೂಡಿ ದೊಡ್ಡ ಹಿಡಿತವಾಗುವುವು. ಆಕಾರವು ಹೊಂದದ ಅಣುವಿಗೆ ಈ ಬಲಗಳು ಒಟ್ಟಿಗೆ ಒದಗಲಾರವು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಅವರು 1975ರಲ್ಲಿ ಕಂಡುಹಿಡಿದರು. ಅದಕ್ಕಾಗಿ 1984ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು.

ಕೈಯನ್ನು ಎಲ್ಲಿಯಾದರೂ ಊರಿ ನಿಲ್ಲಿಸಬೇಕಷ್ಟೆ. ಅದಕ್ಕೆ ತಟ್ಟೆ ಬೇಕು. 1951ರಲ್ಲಿ ಹಂಗೇರಿಯ ಗ್ಯೂಲಾ ಟಕಾಚಿ ಎಂಬ ವೈದ್ಯರು, ಇನ್‌ಫ್ಲುಯೆಂಜಾ ಪರೀಕ್ಷೆಗಳನ್ನು ಬೇಗ ಮಾಡುವುದಕ್ಕಾಗಿ ಪ್ಲಾಸ್ಟಿಕ್ ಹಲಗೆಯಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡರಂತೆ 96 ಗುಳಿಗಳನ್ನು ಮಾಡಿಸಿದರು. ನಮ್ಮ ಅಳಗುಳಿಮಣೆಯನ್ನು ಬಲ್ಲವರಿಗೆ ಇದರ ರೂಪವನ್ನು ವಿವರಿಸಬೇಕಾಗಿಲ್ಲ. ಇಂದಿನ ತಟ್ಟೆಯು ಪಾಲಿಸ್ಟೈರೀನ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನದು. ನಾವು ಥರ್ಮೊಕೋಲ್ ಎಂದು ಕರೆಯುವುದೂ ಇದರ ನೊರೆಯನ್ನೇ. ಪಕ್ಕಪಕ್ಕದ ಗುಳಿಗಳ ನಡುವೆ ಒಂಬತ್ತು ಮಿಲಿಮೀಟರ್ ಅಂತರ. ಒಂದೊಂದು ಗುಳಿಯೂ ಮಿಲಿಲೀಟರಿನ ಮೂರನೆಯ ಒಂದು ಭಾಗವನ್ನು ಹಿಡಿಯುವುದು.

ಈ ಪ್ಲಾಸ್ಟಿಕ್ಕಿಗೆ ನೀರು ಒಗ್ಗದು. ಪ್ರೋಟೀನುಗಳ ಒಡಲಿನಲ್ಲಿಯೂ ನೀರಿಗೆ ಒಗ್ಗದ ಭಾಗಗಳುಂಟು. ಆದುದರಿಂದ ಪ್ರತಿಕಾಯದ ದ್ರಾವಣವನ್ನು ಗುಳಿಗಳಿಗೆ ಹಾಕಿ ಒಂದು ರಾತ್ರಿ ತಂಪಿನಲ್ಲಿಟ್ಟರೆ, ಪ್ರತಿಕಾಯಗಳು ತಾವಾಗಿಯೇ ಗೋಡೆಗೆ ಅಂಟಿಕೊಳ್ಳುವುವು. ಅಂಟು ಬೇರೆ ಬೇಕಾಗಿಲ್ಲ. ಪಾಲಿಸ್ಟೈರೀನಿನ ಈ ಗುಣವನ್ನು ಆಸ್ಟ್ರೇಲಿಯದ ಕ್ಯಾಟ್ ಮತ್ತು ಟ್ರೆಗಿಯರ್ ಎಂಬವರು 1967ರಲ್ಲಿ ಕೊಳವೆಗಳಲ್ಲಿ ಬಳಸಿ ತೋರಿಸಿದ್ದರು. ಒಂದು ಗುಳಿಯ ಒಳಮೈಯಲ್ಲಿ ಹೀಗೆ ಸುಮಾರು ಅರವತ್ತು ಸಾವಿರ ಕೋಟಿ ಪ್ರತಿಕಾಯಗಳು ನೆಲೆಸಬಲ್ಲುವು. ಕೆಲವು ತಲೆಕೆಳಗಾಗಿ ಅಂಟಿ ನಿರುಪಯೋಗವಾಗುವುವು. ಹತ್ತರಲ್ಲಿ ಒಂದು ಮಾತ್ರ ಕೆಲಸಕ್ಕೆ ಬಂದಿತೆಂದರೂ, ಹದಿನೈದು ಕೋಟಿ ಇಪಿಓ ಅಣುಗಳಲ್ಲಿ ಒಂದೊಂದಕ್ಕೂ ನಾನೂರು ಕೈಗಳು ಕಾದಿರುವುವು!

ಇಲ್ಲಿ ಒಂದು ಎಚ್ಚರ ಬೇಕು. ಪ್ರತಿಕಾಯಗಳ ನಡುವೆ ಗೋಡೆ ಬರಿದಾಗಿ ಉಳಿದಿದ್ದರೆ, ಯಾವ ಪ್ರೋಟೀನು ಬೇಕಾದರೂ ಅಲ್ಲಿ ಅಂಟಿಕೊಳ್ಳುವುದು. ಆದುದರಿಂದ ಮಾದರಿಯನ್ನು ಹಾಕುವ ಮೊದಲು, ಹಾಲಿನ ಪ್ರೋಟೀನಿನಂಥ ಯಾವುದಾದರೂ ನಿರುಪದ್ರವಿಯಿಂದ ಆ ಬಯಲನ್ನು ಮುಚ್ಚುವರು.

ಕುಲುಕುವುದು ಏಕೆ?

ಇನ್ನು ರಕ್ತದ್ರವವನ್ನು ಗುಳಿಗೆ ಹಾಕಬಹುದು. ಮೂತ್ರವಾದರೆ 20 ಮಿಲಿಲೀಟರಿನಷ್ಟನ್ನು ತೆಗೆದುಕೊಂಡು, ನೀರನ್ನೂ ಸಣ್ಣ ಅಣುಗಳನ್ನೂ ಸೂಕ್ಷ್ಮವಾದ ಪೊರೆಯ ಮೂಲಕ ಸೋಸಿ ಹೊರಹಾಕಿ, ಉಳಿದ ಕೆಲವು ಹನಿಗಳನ್ನು ಹಾಕುವರು. ಹಾಕಿ ಸುಮ್ಮನೆ ಬಿಟ್ಟರೆ ಏನಾಗುವುದು? ದ್ರವದಲ್ಲಿ ಅಣುಗಳು ಅತ್ತಿತ್ತ ತಳ್ಳಿಸಿಕೊಳ್ಳುತ್ತ ಕುಡುಕನಂತೆ ಅಲೆಯುವುವು. ಇಂಥ ಅಲೆದಾಟದಲ್ಲಿ ಕ್ರಮಿಸುವ ದೂರವು ಕಾಲದೊಡನೆ ನೇರವಾಗಿ ಹೆಚ್ಚದೆ, ಕಾಲದ ವರ್ಗಮೂಲದೊಡನೆ ಹೆಚ್ಚುವುದೆಂದು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಇಪಿಓವಿನ ಗಾತ್ರದ ಅಣುವು ಒಂದು ಗಂಟೆಯಲ್ಲಿ ಸರಾಸರಿ ಮುಕ್ಕಾಲು ಮಿಲಿಮೀಟರಿಗಿಂತಲೂ ಕಡಮೆ ದೂರ ಸಾಗುವುದು. ಗುಳಿಯಲ್ಲಿ ದ್ರವದ ಆಳವಾದರೋ ಮೂರು ಮಿಲಿಮೀಟರ್. ದೂರವು ನಾಲ್ಕೂವರೆ ಪಾಲಾದರೆ ಕಾಲವು ಇಪ್ಪತ್ತು ಪಾಲಾಗಬೇಕು! ಮೇಲಿರುವ ಅಣುವು ತಳವನ್ನು ಮುಟ್ಟುವ ವೇಳೆಗೆ ಒಂದು ದಿನವೇ ಕಳೆಯುವುದು. ಈ ಕಾರಣದಿಂದ ತಟ್ಟೆಯನ್ನು ಯಂತ್ರದ ಮೇಲಿಟ್ಟು ಮೆಲ್ಲಗೆ ಕುಲುಕುತ್ತಿರುವರು. ಕುಲುಕಿದರೆ ದ್ರವವೇ ಅಣುಗಳನ್ನು ಹೊತ್ತು ಗೋಡೆಯ ಬಳಿಗೆ ತರುವುದು. ಕೊನೆಯ ಹೆಜ್ಜೆಯನ್ನು ಮಾತ್ರ ಅಣುವು ತಾನೇ ಇಟ್ಟರೆ ಸಾಕು.

ತೊಳೆಯುವುದರ ಗಣಿತ

ಹಿಡಿದದ್ದಾಯಿತು, ಈಗ ಉಳಿದುದನ್ನೆಲ್ಲ ಚೆಲ್ಲಬೇಕು. ಗುಳಿಯನ್ನು ಬರಿದುಮಾಡಿದರೂ ಹತ್ತು ಮೈಕ್ರೋಲೀಟರಿನಷ್ಟು ದ್ರವ ಗೋಡೆಗೆ ಅಂಟಿ ಉಳಿಯುವುದೆನ್ನೋಣ. ಉಪ್ಪೂ ಸ್ವಲ್ಪ ಸಾಬೂನಿನಂಥ ವಸ್ತುವೂ ಬೆರೆತ ನೀರನ್ನು ಒಟ್ಟು 300 ಮೈಕ್ರೋಲೀಟರ್ ಆಗುವಂತೆ ತುಂಬಿ ಮತ್ತೆ ಬರಿದುಮಾಡಿದರೆ, ಬೇಡವಾದ ಪ್ರೋಟೀನು ಮೂವತ್ತರಲ್ಲಿ ಒಂದು ಪಾಲು ಉಳಿಯುವುದು. ಹೀಗೆ ಮೂರು ಸಲ ತೊಳೆದರೆ ಇಪ್ಪತ್ತೇಳು ಸಾವಿರದಲ್ಲಿ ಒಂದು. ಐದು ಸಲ ತೊಳೆದರೆ ಎರಡು ಕೋಟಿ ನಲವತ್ತಮೂರು ಲಕ್ಷದಲ್ಲಿ ಒಂದು. ಮೂರು ಸಲದ ನೀರನ್ನು ದೊಡ್ಡ ಪಾತ್ರೆಯಲ್ಲಿ ಒಂದೇ ಸಲ ಸುರಿದು ತೊಳೆದಿದ್ದರೆ ತೊಂಬತ್ತರಲ್ಲಿ ಒಂದು ಪಾಲು ಉಳಿಯುತ್ತಿತ್ತು. ಒಂದು ಕೊಡ ನೀರನ್ನು ಒಮ್ಮೆಗೇ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ ಮೂರು ಸಲ ಅಕ್ಕಿ ತೊಳೆಯುವ ಗೃಹಿಣಿಯು ಈ ಗಣಿತವನ್ನು ಕೈಯಿಂದಲೇ ಬಲ್ಲಳು.

ತೊಳೆಯುವಾಗ ಹಿಡಿದದ್ದೂ ಹೋಗದೆ? ಸ್ವಲ್ಪ ಹೋಗುವುದು, ಪ್ರತಿಕಾಯದ ಹಿಡಿತವು ಶಾಶ್ವತವಲ್ಲ. ಆದರೆ ಒಳ್ಳೆಯ ಪ್ರತಿಕಾಯವು ಹಿಡಿದುದನ್ನು ಗಂಟೆಗಟ್ಟಲೆ ಬಿಡದು. ತೊಳೆಯುವ ಕೆಲಸವಾದರೋ ಕೆಲವು ನಿಮಿಷಗಳದು. ಬಂದವರೆಲ್ಲ ಹೊರಟುಹೋಗುವರು, ಬೇಕಾದವರು ಉಳಿಯುವರು. ಈ ಬೇರ್ಪಡಿಕೆಯ ಗುಟ್ಟೆಲ್ಲ ಹೋಗುವ ಮತ್ತು ಉಳಿಯುವ ಕಾಲಗಳ ಈ ಅಂತರದಲ್ಲಿದೆ.

ಕೊನೆಗೆ ಹಿಡಿದುದನ್ನು ಬಿಡಿಸಬೇಕು. ಆಮ್ಲವನ್ನು ಹಾಕಿದರೆ ವಿದ್ಯುದಂಶಗಳು ಬದಲಾಗಿ ಹಿಡಿತ ಸಡಿಲುವುದು. ಸಾಬೂನಿನಂಥ ದ್ರಾವಣದೊಡನೆ ಬಿಸಿಮಾಡಿದರೂ ಬಿಡುವುದು. ಹೀಗೆ ದೊರೆತ ಹನಿಯನ್ನು ಲೋಳೆಯಂಥ ಪದರದ ಒಂದು ತುದಿಯಲ್ಲಿಟ್ಟು ವಿದ್ಯುತ್ತನ್ನು ಹರಿಸಿದರೆ ಅಣುಗಳು ಓಡತೊಡಗುವುವು. ಮಾನವದೇಹದ ಇಪಿಓ ಮುಂದೆ ಓಡಿದರೆ, ಕೃತಕವಾದುದು ಸ್ವಲ್ಪ ಹಿಂದೆ ನಿಲ್ಲುವುದು. ಇಪಿಓವನ್ನೇ ಗುರುತಿಸುವ ಮತ್ತೊಂದು ಪ್ರತಿಕಾಯದ ನೆರವಿನಿಂದ ಆ ಪಟ್ಟೆಗಳನ್ನು ಹೊಳೆಯುವಂತೆ ಮಾಡಿ ಚಿತ್ರ ತೆಗೆಯುವರು. ಓಟದಲ್ಲಿ ಮೋಸಮಾಡಿದವನನ್ನು ಅಣುಗಳ ಓಟವೇ ತೋರಿಸಿಕೊಡುವುದು!

ಒಂದೇ ಪಂಕ್ತಿಯ ನ್ಯಾಯ

ಒಬ್ಬನ ಮಾದರಿಗೆ ಒಂದು ಗುಳಿ ಸಾಕಲ್ಲವೆ, ತೊಂಬತ್ತಾರು ಏಕೆ ಎಂದು ಕೇಳಬಹುದು. ಶ್ರಮದ ಉಳಿತಾಯವು ಒಂದು ಕಾರಣ. ಆದರೆ ಹೆಚ್ಚಿನ ಕಾರಣ ಬೇರೆ ಇದೆ. ಬೆಳಗ್ಗೆ ಒಂದನ್ನೂ ಸಂಜೆ ಇನ್ನೊಂದನ್ನೂ ಪರೀಕ್ಷಿಸಿದರೆ ಕೋಣೆಯ ಉಷ್ಣತೆ, ಕುಲುಕಿದ ಕಾಲ, ತೊಳೆದ ಸಲಗಳು ಬೇರೆಯಾಗಬಹುದು. ಆಗ ಕಂಡ ಭೇದವು ಮನುಷ್ಯರದೋ ಕೆಲಸದ್ದೋ ಹೇಳುವುದು ಹೇಗೆ? ಒಂದೇ ತಟ್ಟೆಯಲ್ಲಿ ಸಹಜ ಇಪಿಓ ಇರುವುದೆಂದು ಗೊತ್ತಿರುವ ಮಾದರಿ, ಕೃತಕವಾದುದು ಇರುವುದೆಂದು ಗೊತ್ತಿರುವ ಮಾದರಿ, ಏನೂ ಇಲ್ಲದ ಮಾದರಿ ಮತ್ತು ಕ್ರೀಡಾಪಟುಗಳ ಮಾದರಿಗಳು ಪಂಕ್ತಿಯಲ್ಲಿ ಕುಳಿತು, ಒಂದೇ ನೀರಿನಲ್ಲಿ ಒಂದೇ ಹೊತ್ತಿನಲ್ಲಿ ತೊಳೆಸಿಕೊಳ್ಳುವುವು. ತಟ್ಟೆಯ ಅಂಚಿನ ಗುಳಿಗಳು ಬೇಗ ಬಿಸಿಯಾಗಿ ಬೇಗ ಒಣಗುವ ಸಂಭವವಿರುವುದರಿಂದ ಅದಕ್ಕೂ ಗಮನ ಕೊಡಬೇಕು. ಪರೀಕ್ಷಿಸುವವರ ಮುಂದೆ ಕ್ರೀಡಾಪಟುವಿನ ಹೆಸರಿರದು. ಸಂಖ್ಯೆ ಮಾತ್ರ ಇರುವುದು. ಅಲ್ಲದೆ ಮೊದಲೇ ಮಾದರಿಯನ್ನು ಎರಡು ಸೀಸೆಗಳಲ್ಲಿ ಹಂಚಿ, ಎರಡನೆಯದನ್ನು ಮುದ್ರೆಯೊಡನೆ ಕಾದಿರಿಸಿರುವರು. ತಪ್ಪು ಹೊರಿಸಲ್ಪಟ್ಟವನು ತನ್ನ ಎದುರಿನಲ್ಲಿಯೇ ಅದನ್ನು ಒಡೆಸಿ ಪರೀಕ್ಷೆ ಮಾಡಿಸಬಹುದು.

ಇಷ್ಟಾದರೂ ಪ್ರಕೃತಿಯು ನಮ್ಮನ್ನು ಬೆರಗುಗೊಳಿಸದೆ ಬಿಡದು. ಪೂರ್ವ ಏಷ್ಯದ ಕೆಲವರಲ್ಲಿ ಇಪಿಓವಿನ ಜೀನಿನ ಕೊನೆಯ ಭಾಗದಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುವುದೆಂದು ಇತ್ತೀಚಿನ ವರ್ಷಗಳಲ್ಲಿ ತಿಳಿದುಬಂದಿದೆ. ಅದರಿಂದ ಅವರ ಇಪಿಓ ಸ್ವಲ್ಪ ಉದ್ದವಾಗಿ, ಲೋಳೆಯ ಪದರದಲ್ಲಿ ಹಿಂದೆ ನಿಂತು, ಕೃತಕವಾದುದನ್ನು ಹೋಲುವುದು. ಚುಚ್ಚುಮದ್ದನ್ನು ಕಂಡೇ ಇರದವನ ಮೇಲೆ ಅಪವಾದ ಬೀಳಬಹುದು! ಇಂಥ ಸಂದೇಹ ಬಂದಾಗ ಆ ವ್ಯಕ್ತಿಯ ಜೀನನ್ನೂ ಓದಿ ನೋಡಿ ತೀರ್ಮಾನಿಸಬೇಕಾಗುವುದು.

ಗೋಲ್ಡ್‌ವಾಸರ್ ಅವರಿಗೆ 2,550 ಲೀಟರುಗಳೂ ವರ್ಷಗಟ್ಟಲೆ ಕಾಲವೂ ಬೇಕಾಗಿದ್ದ ಪ್ರೋಟೀನನ್ನು ಇಂದು ಒಂದು ಲೋಟವೂ ತುಂಬದಷ್ಟು ಮೂತ್ರದಿಂದ, ಒಂದೆರಡು ದಿನಗಳೊಳಗೆ, ಹತ್ತಾರು ಜನರ ಮಾದರಿಗಳಿಂದ ಒಟ್ಟಿಗೆ ಹೊರತೆಗೆದು ನೋಡಬಹುದಾಗಿದೆ. ಪ್ರಮಾಣಗಳೇನೋ ಹೋಲಿಕೆಗೆ ಸಿಕ್ಕುವಂಥವಲ್ಲ. ಅವರಿಗೆ ತೂಗುವಷ್ಟು ಬೇಕಾಗಿತ್ತು, ಇಲ್ಲಿ ಕಾಣುವಷ್ಟಾದರೆ ಸಾಕು. ಆದರೂ ಇಬ್ಬರ ಗುರಿಯೂ ಒಂದೇ: ವಸ್ತುವನ್ನು ಗುಂಪಿನಿಂದ ಬಿಡಿಸಿ, ಅದರ ನಿಜಸ್ವರೂಪವನ್ನು ಕಂಡು, ಆಮೇಲೆ ಮಾತನಾಡುವುದು. ಮನುಷ್ಯರ ವಿಷಯದಲ್ಲಿಯೂ ತೀರ್ಪು ಕೊಡುವವರು ಪಾಲಿಸಬೇಕಾದ ಕ್ರಮ ಇದೇ ಅಲ್ಲವೆ?